ಹೊಗೆಯ ನಡುವೆ ತಿಳಿಗಾಳಿಯ ಚೀಲ

ವಿಮಾನದ ಕಾಕ್‌ಪಿಟ್‌ನಲ್ಲಿ, ಅಂದರೆ ಚಾಲಕರ ಕೋಣೆಯಲ್ಲಿ, ದಟ್ಟ ಹೊಗೆ ತುಂಬಿದಾಗ ಆಮ್ಲಜನಕದ ಮುಖವಾಡವು ಉಸಿರನ್ನು ಕಾಪಾಡಿದರೂ ನೋಟವನ್ನು ಉಳಿಸಿಕೊಡಲಾರದು. 2010ರ ಸೆಪ್ಟೆಂಬರ್ 3ರಂದು ದುಬೈಯಲ್ಲಿ ಪತನಗೊಂಡ ಯುಪಿಎಸ್ ಸರಕು ವಿಮಾನದ ಪೈಲಟ್‌ಗಳಿಗೆ ಎದುರಿನ ಮಾಪಕಗಳೇ ಕಾಣದಾಗಿದ್ದವು. ಇಂಥ ಕುರುಡುತನಕ್ಕೆ ಪರಿಹಾರವಾಗಿ ಹವಾಯಿಯ ವಿಷನ್‌ಸೇಫ್ ಸಂಸ್ಥೆ ರೂಪಿಸಿದ ಈವ್ಯಾಸ್ ಎಂಬ ಸಾಧನದ ಸೊಗಸು ಅದರ ಸರಳತೆಯಲ್ಲಿದೆ: ಅದು ಹೊಗೆಯನ್ನು ಓಡಿಸಹೋಗದೆ, ಕಣ್ಣಿಗೂ ಮಾಪಕಕ್ಕೂ ನಡುವಿನ ಜಾಗವನ್ನಷ್ಟೇ ತಿಳಿಗಾಳಿಯಿಂದ ತುಂಬುತ್ತದೆ. ದಪ್ಪ ಪುಸ್ತಕದಷ್ಟಿರುವ ಪೆಟ್ಟಿಗೆಯಿಂದ ಹೊರಬರುವ ಪಾರದರ್ಶಕ ಚೀಲವು, ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು ಸೋಸಿ ಕಳಿಸುವ ಗಾಳಿಯಿಂದ ಅರೆ ನಿಮಿಷದೊಳಗೆ ಉಬ್ಬಿ ಮುಂಗಾಜಿಗೂ ಮಾಪಕಗಳಿಗೂ ಅಂಟಿ ನಿಲ್ಲುತ್ತದೆ. ಪೈಲಟ್ ತನ್ನ ರಕ್ಷಣಾ ಕನ್ನಡಕವನ್ನು ಅದರ ಮೇಲೆ ಒತ್ತಿ ಹಿಡಿದು ರನ್‌ವೇಯನ್ನು ನೋಡುತ್ತಾನೆ.