ವೇಷವೇ ಗುರುತಾದಾಗ

ಕುರುಬರಹಳ್ಳಿಯಲ್ಲಿ ನಾನು ಸಾಮಾನು ಕೊಳ್ಳುವ ದಿನಸಿ ಅಂಗಡಿಯಲ್ಲೊಂದು ಲಕ್ಷ್ಮಿಯ ಪಟವಿದೆ. ಮೊದಲು ಅದು ಕ್ಯಾಲೆಂಡರು. ವರ್ಷ ಮುಗಿದೊಡನೆ ತಾರೀಖುಗಳು ಕಸಕ್ಕೆ ಹೋದುವು. ಲಕ್ಷ್ಮಿ ಕಟ್ಟು ಹಾಕಿಸಿಕೊಂಡು ಉಳಿದಳು. ದೇವಿಯ ಈ ರೂಪವನ್ನು ಒಬ್ಬ ಮನುಷ್ಯ ಕಲ್ಪಿಸಿದನೆಂಬುದು ಊದುಬತ್ತಿ ಹಚ್ಚುವ ಅಂಗಡಿಯವರಿಗೂ ನೆನಪಿಲ್ಲ, ಚಿಲ್ಲರೆಗೆ ಕೈಯೊಡ್ಡುವ ನನಗೂ ಇರಲಿಲ್ಲ. ಮೂಲ ರಾಜಾ ರವಿವರ್ಮನದು. 1894ರಲ್ಲಿ ಆತ ಮುಂಬಯಿಯಲ್ಲಿ ತೆರೆದ ಅಚ್ಚುಕೂಟದಿಂದ ಹೊರಟ ದೇವತೆಗಳು ಮನೆಮನೆಯನ್ನೂ ಹೊಕ್ಕರು.

ಈ ಮರೆವನ್ನು ತಟ್ಟಿ ಎಬ್ಬಿಸಿದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಬರೋಡದಲ್ಲಿ ಶಿಲ್ಪಕಲೆ ಕಲಿತ ಇವರು ಆಮೇಲೆ ಕ್ಯಾಮೆರಾದ ಮುಂದೆ ತಾವೇ ಶಿಲ್ಪವಾಗಿ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ರಚಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿ, ಬಿಜಾಪುರದ ಚಿತ್ರದ ಯೋಗಿನಿ, ಚಾವಟಿ ಹಿಡಿದ ಚಿತ್ರತಾರೆ, ಕಳವಿನ ಆರೋಪ ಹೊತ್ತು ಪತ್ರಿಕೆಯಲ್ಲಿ ಕಾಣಿಸಿಕೊಂಡ ಹೆಂಗಸು, ಎಲ್ಲರೂ ಇವರೇ. ಪರದೆ ಬರೆಸಿ, ಉಡುಪು ಹೊಲಿಸಿ, ಹಳೆಯ ಚಿತ್ರವನ್ನು ಹೊಸದಾಗಿ ಕಟ್ಟಿದ್ದಾರೆ.

ನೋಡಿದೊಡನೆ ನಗು ಬರುತ್ತದೆ. ಮರುಕ್ಷಣ ನಗು ನಿಲ್ಲುತ್ತದೆ. ಮುಖ ಒಂದೇ, ಆದರೂ ಒಂದಕ್ಕೆ ಕೈ ಮುಗಿಯುತ್ತೇವೆ, ಇನ್ನೊಂದನ್ನು ಸಂಶಯದಿಂದ ನೋಡುತ್ತೇವೆ. ಕೈಯಲ್ಲಿ ಕಮಲವಿದ್ದರೆ ದೇವಿ, ಹಲಗೆಯಿದ್ದರೆ ಕಳ್ಳಿ! ‘ನಮ್ಮ ಸಂಸ್ಕೃತಿಯ ಹೆಣ್ಣು’ ಎಂದು ನಾವು ಗುರುತಿಸುವುದು ಹೆಣ್ಣನ್ನಲ್ಲ, ಅವಳ ಸಾಮಗ್ರಿಯನ್ನು ಎಂಬ ಕಹಿಮಾತನ್ನು ಈ ಚಿತ್ರಗಳು ಗದ್ದಲವಿಲ್ಲದೆ ಹೇಳುತ್ತವೆ.

ಒಂದೆಡೆ ಮಾತ್ರ ನನಗೆ ಸಮಾಧಾನವಿಲ್ಲ. ಹತ್ತೊಂಬತ್ತನೆಯ ಶತಮಾನದ ಮಾನವಶಾಸ್ತ್ರಜ್ಞರು ಬುಡಕಟ್ಟಿನ ಜನರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳೆದು ಚಿತ್ರ ತೆಗೆದರಷ್ಟೆ. ಆ ಮಾದರಿಯನ್ನೂ ಕಲಾವಿದೆ ತಮ್ಮ ಮೈಮೇಲೆ ತಂದುಕೊಂಡಿದ್ದಾರೆ. ಅಳೆಯುವವರ ಅಹಂಕಾರಕ್ಕೆ ಇದು ಸರಿಯಾದ ಪೆಟ್ಟೇ. ಆದರೆ ಚಿತ್ರ ಮುಗಿದ ಮೇಲೆ ಕಲಾವಿದೆ ವೇಷ ಕಳಚಬಲ್ಲರು. ಅಂದು ನಿಂತವಳಿಗೆ ಕಳಚಲು ವೇಷವಿರಲಿಲ್ಲ. ಅವಳ ಮೌನವನ್ನು ಅಭಿನಯ ತುಂಬಲಾರದು. ಲಕ್ಷ್ಮಿಯ ಪಕ್ಕದಲ್ಲಿ ಅವಳನ್ನೂ ಒಂದು ಪಾತ್ರವಾಗಿ ನಿಲ್ಲಿಸಿದಾಗ ವಿನೋದದ ಹೊರೆ ತುಸು ಹೆಚ್ಚಾಯಿತೇನೋ.

ಆದರೂ ಕಣ್ಣು ಬದಲಾಯಿಸುವ ಕಲೆ ಸಣ್ಣದಲ್ಲ. ಮೊನ್ನೆ ಬೇಳೆ ತರಲು ಹೋದಾಗ ಅಂಗಡಿಯ ಪಟವನ್ನು ನಿಂತು ನೋಡಿದೆ. ಇಷ್ಟು ವರ್ಷ ಕಮಲವನ್ನೂ ಒಡವೆಯನ್ನೂ ಕಂಡಿದ್ದೆ. ಲಕ್ಷ್ಮಿಗೊಂದು ಮುಖವಿತ್ತೆಂದು ಅಂದೇ ತಿಳಿದದ್ದು.