ಟ್ರೇನರ್ ಬರೆದ ಕಾರಣಗಳು, ಬರೆಯದೆ ಬಿಟ್ಟವು

ಕೋಕಾಕೋಲಾ ಬಾಟಲಿಗಳನ್ನು ಫ್ರಿಜ್ಜಿಗೆ ಇಡುತ್ತಿದ್ದಾಗ ನಾಲ್ಕನೆಯದು ಕೈಯಲ್ಲೇ ಸಿಡಿಯಿತು. ಹೋಟೆಲಿನಲ್ಲಿ ಸಪ್ಲೈ ಮಾಡುತ್ತಿದ್ದ ಆ ಹೆಂಗಸಿನ ಅಂಗೈ ಸೀಳಿ ನರಗಳೇ ತುಂಡಾದವು. ಈ ಎಸ್ಕೋಲಾ ಮೊಕದ್ದಮೆಯಲ್ಲಿ 1944ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಆಕೆಯ ಪರಿಹಾರವನ್ನು ಎತ್ತಿಹಿಡಿಯಿತು. ಸರಿಯಾಗಿ ತಯಾರಾದ ಬಾಟಲಿ ಸುಮ್ಮನೆ ಸಿಡಿಯದು, ಹಾಗಾಗಿ ಕಂಪನಿಯ ಅಲಕ್ಷ್ಯವನ್ನು ಊಹಿಸಬಹುದು ಎಂದಿತು ಬಹುಮತ. ತೀರ್ಪಿಗೆ ಅಷ್ಟು ಸಾಕಾಗಿತ್ತು.

ನ್ಯಾಯಮೂರ್ತಿ ರೋಜರ್ ಟ್ರೇನರ್ ಅದೇ ತೀರ್ಪನ್ನು ಒಪ್ಪಿಯೂ ಬೇರೆಯಾಗಿ ಬರೆದರು. ಅಲಕ್ಷ್ಯದ ಊಹೆ ಏಕೆ ಬೇಕು? ದೋಷವಿರುವ ಸರಕು ಮಾರುಕಟ್ಟೆಗೆ ಬಂದು ಜನರಿಗೆ ಗಾಯವಾದರೆ ತಯಾರಕನೇ ಹೊಣೆ. ಅವನು ವಿಮೆ ಮಾಡಿಸಿ ಆ ನಷ್ಟವನ್ನು ವ್ಯಾಪಾರದ ಖರ್ಚಾಗಿ ಹಂಚಬಲ್ಲ, ಗಾಯಗೊಂಡವರಿಗೆ ಆ ದಾರಿ ಇಲ್ಲ. 1940ರಲ್ಲಿ ಈ ಕೋರ್ಟಿಗೆ ನೇಮಕವಾಗುವವರೆಗೆ ಟ್ರೇನರ್ ಬರ್ಕ್ಲಿಯಲ್ಲಿ ಕಾನೂನಿನ ಮೇಷ್ಟರು, ತೆರಿಗೆ ತಜ್ಞರು. ಹೊರೆಯನ್ನು ಯಾರು ತಾಳಿಯಾರು ಎಂದು ಲೆಕ್ಕ ಹಾಕುವ ಆ ತೆರಿಗೆಯವರ ಬುದ್ಧಿಯೇ ಇಲ್ಲಿ ಕೆಲಸ ಮಾಡಿದೆ ಎಂದು ನನಗೆ ಅನ್ನಿಸುತ್ತದೆ. 1963ರ ಗ್ರೀನ್‌ಮನ್ ಮೊಕದ್ದಮೆಯಲ್ಲಿ, ಮರಗೆಲಸದ ಯಂತ್ರದಿಂದ ಹಾರಿದ ಮರದ ತುಂಡು ಒಬ್ಬನ ಹಣೆಗೆ ಬಡಿದಾಗ, ಇಡೀ ಕೋರ್ಟು ಅವರ ಮಾತಿಗೆ ಬಂದು ನಿಂತಿತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ.

ತಮ್ಮದೇ ತೀರ್ಪನ್ನು ತಿದ್ದಿಕೊಳ್ಳಲೂ ಅವರು ಅಂಜಲಿಲ್ಲ. ಪೊಲೀಸರು ಅಕ್ರಮವಾಗಿ ಸಂಗ್ರಹಿಸಿದ ಸಾಕ್ಷ್ಯವೂ ನಡೆಯುತ್ತದೆ ಎಂದು 1942ರಲ್ಲಿ ಬರೆದವರು ಅವರೇ. ಪೊಲೀಸರು ಮನೆಯೊಳಗೆ ಕದ್ದು ಮೈಕ್ರೊಫೋನ್ ಇಟ್ಟಿದ್ದ ಕ್ಯಾಹನ್ ಮೊಕದ್ದಮೆ 1955ರಲ್ಲಿ ಎದುರಾದಾಗ, ಪೊಲೀಸರನ್ನು ಹದ್ದುಬಸ್ತಿನಲ್ಲಿಡಲು ಬೇರೆ ಯಾವ ಉಪಾಯವೂ ಫಲ ಕೊಟ್ಟಿಲ್ಲ ಎಂದು ವಿವರವಾಗಿ ಬರೆದು ಆ ಬಾಗಿಲು ಮುಚ್ಚಿದರು. ಆರು ವರ್ಷಗಳ ಬಳಿಕ ಅಮೆರಿಕದ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಇದೇ ನಿಯಮ ಹಾಕಿತು.

ಅವರನ್ನು ಹೊಗಳುವವರು ಮರೆಯದೆ ಎತ್ತುವುದು 1948ರ ಪೆರೆಜ್ ತೀರ್ಪನ್ನು. ಬೇರೆ ಬೇರೆ ಜನಾಂಗದವರ ಮದುವೆ ನಿಷೇಧಿಸಿದ್ದ ರಾಜ್ಯದ ಕಾನೂನನ್ನು ಅದು ನಾಲ್ಕು-ಮೂರರ ಅಂತರದಲ್ಲಿ ರದ್ದುಮಾಡಿತು. ಇಡೀ ದೇಶ ಅಲ್ಲಿಗೆ ತಲುಪಿದ್ದು 1967ರಲ್ಲಿ. ದೊಡ್ಡ ತೀರ್ಪು, ಅನುಮಾನವಿಲ್ಲ.

ಆದರೆ ಅದಕ್ಕೂ ಎರಡು ವರ್ಷ ಮೊದಲಿನ ಒಯಾಮಾ ಮೊಕದ್ದಮೆಯನ್ನು ಬದಿಗಿಡಲು ನನ್ನಿಂದಾಗದು. ಜಪಾನಿನಿಂದ ಬಂದು ನೆಲೆಸಿದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಕಾಯ್ದೆಯನ್ನು ಆ ಕೋರ್ಟು ಆಗ ಎತ್ತಿಹಿಡಿಯಿತು. ಟ್ರೇನರ್ ಬರೆದದ್ದು ಒಂದೇ ವಾಕ್ಯ: ಮೇಲಿನ ಕೋರ್ಟಿನ ತೀರ್ಪುಗಳು ಬದಲಾಗುವ ತನಕ ನಮಗೆ ಬದ್ಧ ಎಂಬ ಅರ್ಥದ್ದು. ಕೆಳಗಿನ ಕೋರ್ಟಿನವರಾಗಿ ತಲೆಬಾಗಿದ್ದು ತಪ್ಪಲ್ಲ. ಆದರೆ ಬಾಟಲಿಯ ವಿಷಯದಲ್ಲಿ ಯಾರೂ ಕೇಳದಿದ್ದರೂ ಪುಟಗಟ್ಟಲೆ ಕಾರಣ ಕೊಟ್ಟವರು, ಜನಾಂಗದ ಕಾರಣಕ್ಕೆ ನೆಲ ಕಳೆದುಕೊಂಡವರ ವಿಷಯದಲ್ಲಿ ತೀರ್ಪಿಗೆ ತಲೆಬಾಗಿಯೇ ಆ ಕಾಯ್ದೆಯ ಅನ್ಯಾಯವನ್ನು ಬರೆದಿಡಬಹುದಿತ್ತು. 1948ರ ಜನವರಿಯಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಕಾಯ್ದೆಯೇ ಬಿದ್ದುಹೋಗಲು ಕ್ಯಾಲಿಫೋರ್ನಿಯಾದವರು 1952ರ ತನಕ ಕಾಯಬೇಕಾಯಿತು.