ನೋಟದ ನಡತೆ

ಕೆಲವು ವರ್ಷಗಳ ಹಿಂದೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕಂಡ ಒಂದು ಸಣ್ಣ ಸಂಗತಿಯಿಂದ ಈ ಬರಹವನ್ನು ಆರಂಭಿಸುತ್ತೇನೆ. ಬೇಸಿಗೆಯ ಮಧ್ಯಾಹ್ನ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ನೋಡಲು ಹೊರಟ ಪರವೂರಿನ ಯುವತಿಯರಿಬ್ಬರು ಬಸ್ಸು ಹತ್ತಿದರು. ತೋಳಿಲ್ಲದ ಅಂಗಿ, ಮೊಣಕಾಲಿನ ಮೇಲಕ್ಕೇ ನಿಂತ ಚಡ್ಡಿ. ಬಸ್ಸಿನೊಳಗಿನ ಮಾತು ನಿಂತಿತು, ಕತ್ತುಗಳು ತಿರುಗಿದವು. ನನ್ನ ಪಕ್ಕದ ಹಿರಿಯರೊಬ್ಬರು ‘ಕಾಲ ಕೆಟ್ಟಿತು’ ಎಂದು ನಿಟ್ಟುಸಿರು ಬಿಟ್ಟರು. ಆದರೆ ತಳಕು ದಾಟುವವರೆಗೂ ಅವರ ಕಣ್ಣು ಆ ಕಡೆಯಿಂದ ಕದಲಲಿಲ್ಲ. ನಾನೂ ಹೌದೆಂದು ತಲೆಯಾಡಿಸಿದೆ. ನನ್ನ ಕಣ್ಣೂ ಅಲ್ಲಿಯೇ ಇತ್ತೆಂಬುದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಆ ಯುವತಿಯರ ಪಕ್ಕದಲ್ಲಿ ಹಳೆಯ ಕಾಲದ ಅಜ್ಜಿಯೊಬ್ಬರು ಕುಳಿತಿದ್ದರು. ರವಿಕೆ ತೊಡುವ ರೂಢಿಯಿಲ್ಲದವರು, ಸೀರೆಯ ಸೆರಗನ್ನೇ ಹೊದ್ದವರು. ಒಂದು ಭುಜವೂ ಅರ್ಧ ಬೆನ್ನೂ ಬರಿದಾಗಿದ್ದವು. ಆ ಭುಜವನ್ನು ಬಸ್ಸಿನಲ್ಲಿ ಯಾರೂ ನೋಡಲಿಲ್ಲ. ಅಜ್ಜಿ ಮಾತ್ರ ತುಸು ಸರಿದು ಜಾಗ ಮಾಡಿ, ‘ಬಿಸ್ಲು ಬಾಳ ಐತೆ, ಇತ್ಲಾಗ್ ಕುಂತ್ಕಳವ್ವ, ಯಾವೂರ್ ನಿಮ್ದು?’ ಎಂದು ಕೇಳಿದರು.

ಒಂದೇ ಬಸ್ಸಿನಲ್ಲಿ ಬರಿದಾದ ಭುಜಗಳು ಹಲವು ಇದ್ದವು. ಒಂದನ್ನು ನಾವು ಗಮನಿಸಲೇ ಇಲ್ಲ, ಮಿಕ್ಕವುಗಳಿಂದ ಕಣ್ಣು ಕೀಳಲಿಲ್ಲ. ಅಜ್ಜಿಗೆ ವಯಸ್ಸಾಗಿತ್ತು, ಆದ್ದರಿಂದ ಎಂದು ನೀವು ಹೇಳಬಹುದು. ಅದು ನಿಜವೇ. ಆದರೆ ಆ ಉತ್ತರ ಉಡುಪಿನ ವಿಷಯವನ್ನು ಹೇಳುವುದಿಲ್ಲ, ನೋಡುವವರ ಮನಸ್ಸಿನ ವಿಷಯವನ್ನು ಹೇಳುತ್ತದೆ. 2021ರ ನವೆಂಬರಿನಲ್ಲಿ ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ತುಳಸಿ ಗೌಡರು ರವಿಕೆಯಿಲ್ಲದ ತಮ್ಮ ಸಾಂಪ್ರದಾಯಿಕ ಸೀರೆಯಲ್ಲಿ, ಮಣಿಸರಗಳನ್ನು ಧರಿಸಿ, ಬರಿಗಾಲಿನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದಾಗ ಇಡೀ ನಾಡು ಗೌರವದಿಂದಲೇ ನೋಡಿತು. ಅಂದರೆ ಮರ್ಯಾದೆಯಿಂದ ನೋಡುವುದು ಹೇಗೆಂದು ನಮ್ಮ ಕಣ್ಣುಗಳಿಗೆ ಗೊತ್ತಿದೆ. ಅಪರಿಚಿತಳಾದ ಹರೆಯದ ಹೆಣ್ಣಿನ ಮುಂದೆ ಅದನ್ನು ಮರೆಯುತ್ತೇವೆ, ಮರೆತ ತಪ್ಪನ್ನು ಆಕೆಯ ಬಟ್ಟೆಯ ಮೇಲೆ ಹೊರಿಸುತ್ತೇವೆ.

ಈ ವಿಷಯವಾಗಿ ಎರಡು ಕಥನಗಳನ್ನು ನಾವು ತಪ್ಪಾಗಿ ಓದುತ್ತಾ ಬಂದಿದ್ದೇವೆಂದು ನನ್ನ ಅನಿಸಿಕೆ. ಮೊದಲನೆಯದು ದಾನಿಯೇಲನ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿರುವ ಸುಸನ್ನಳ ಕಥೆ. ತಪಸ್ಸುಕಾಲದ ಐದನೆಯ ವಾರದ ಸೋಮವಾರ ಬಲಿಪೂಜೆಯಲ್ಲಿ ಇದನ್ನು ಕೇಳುತ್ತೇವೆ. ಸತಿಯ ಪಾತಿವ್ರತ್ಯಕ್ಕೆ ದೊರೆತ ಜಯವೆಂದು ಇದನ್ನು ಹೆಣ್ಣುಮಕ್ಕಳಿಗೆ ಬೋಧಿಸುವುದು ವಾಡಿಕೆ. ಆದರೆ ಕಥೆ ಹೆಚ್ಚು ಹೊತ್ತು ವಿಚಾರಿಸುವುದು ಆಕೆಯನ್ನಲ್ಲ, ನೋಡಿದವರನ್ನು. ಅವರಿಬ್ಬರೂ ಸಮುದಾಯದ ಹಿರಿಯರು, ಆ ವರ್ಷದ ನ್ಯಾಯಾಧೀಶರು. ಆಕೆ ತನ್ನದೇ ತೋಟದಲ್ಲಿ ತಿರುಗಾಡುತ್ತಿದ್ದಳು. ಅವರು ದಿನದಿನವೂ ಅವಳನ್ನು ನೋಡಿ ನೋಡಿ, ಪರಲೋಕದ ಕಡೆಗೆ ಕಣ್ಣೆತ್ತದವರಾದರು ಎನ್ನುತ್ತದೆ ಗ್ರಂಥ. ಮುಂದೆ ಸುಸನ್ನಳು ಮುಸುಕು ಧರಿಸಿ ವಿಚಾರಣೆಗೆ ಬಂದಾಗ, ಆ ಮುಸುಕನ್ನು ತೆಗೆಸಿದವರೂ ಅವರೇ, ಅವಳ ಚೆಲುವನ್ನು ಕಣ್ತುಂಬ ನೋಡುವ ಆಸೆಯಿಂದ. ಮೈ ಮುಚ್ಚಿಕೊಂಡವಳನ್ನೂ ಆ ಕಣ್ಣು ಬಿಡಲಿಲ್ಲ. ಜನರು ಅವರನ್ನು ನಂಬಿದ್ದು ಅವರು ಹಿರಿಯರೂ ನ್ಯಾಯಾಧೀಶರೂ ಆಗಿದ್ದುದರಿಂದ. ಯುವಕನಾದ ದಾನಿಯೇಲನು ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರೆಂದು ಕೇಳಿದಾಗಲೇ ಅವರ ಸುಳ್ಳು ಹೊರಬಿತ್ತು.

ಅನೇಕ ಚಿತ್ರಕಾರರು ಈ ಕಥೆಯನ್ನು ಸ್ನಾನ ಮಾಡುವ ಸುಂದರಿಯ ಚಿತ್ರವನ್ನಾಗಿಸಿ, ನೋಡುವ ನಮ್ಮನ್ನೂ ಆ ಇಬ್ಬರ ಸಾಲಿನಲ್ಲಿ ನಿಲ್ಲಿಸಿದರು. ಇಟಲಿಯ ಅರ್ತೆಮೀಸಿಯಾ ಜೆಂಟಿಲೆಸ್ಕಿ ಎಂಬ ಯುವತಿ 1610ರಲ್ಲಿ ಬರೆದ ಚಿತ್ರ ಹಾಗಿಲ್ಲ. ಅಲ್ಲಿ ಗೋಡೆಯ ಮೇಲಿನಿಂದ ಬಾಗಿದ ಗಂಡಸರ ಕೆಳಗೆ ಸುಸನ್ನಳು ಕೈಗಳನ್ನು ಅಡ್ಡ ಹಿಡಿದು, ಮುಖ ತಿರುಗಿಸಿ ಮುದುಡುತ್ತಾಳೆ. ನೋಟವು ಮೈಗೆ ತಗಲುವ ವಸ್ತುವೆಂದು ಆ ಚಿತ್ರದಲ್ಲಿ ಕಾಣುತ್ತದೆ.

ಎರಡನೆಯದು ನಮ್ಮ ನಾಡಿನದೇ, ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯದು. ಸುಸನ್ನಳು ಮುಚ್ಚಿಕೊಂಡವಳಾದರೆ, ಅಕ್ಕ ಉಡುಪನ್ನೇ ತೊರೆದವಳು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಆಕೆಯನ್ನು ಪರೀಕ್ಷಿಸುತ್ತಾನೆ: ಸೀರೆಯನ್ನು ತೊರೆದ ಮೇಲೆ ಕೂದಲಿನಿಂದ ಮೈ ಮರೆಮಾಡಿಕೊಳ್ಳುವುದೇಕೆ? ನೋಡುವ ನಿಮಗೆ ನೋವಾದೀತೆಂದು ಮರೆಮಾಡಿದೆ ಎಂಬುದು ಆಕೆಯ ಉತ್ತರದ ತಾತ್ಪರ್ಯ. ಇದನ್ನು ಓದಿ ‘ನೋಡಿ, ಅಕ್ಕನೂ ಮುಚ್ಚಿಕೊಂಡಳು’ ಎಂದು ಸಮಾಧಾನಪಡುವವರಿದ್ದಾರೆ. ಆದರೆ ಆ ಕರುಣೆ ಅಕ್ಕ ತಾನಾಗಿ ಕೊಟ್ಟದ್ದು. ದಾನವಾಗಿ ಬಂದದ್ದನ್ನು ಬಾಕಿಯೆಂದು ವಸೂಲಿ ಮಾಡುವ ಹಕ್ಕು ನೋಡುವವರಿಗಿಲ್ಲ. ಕೊನೆಗೆ ಆ ಸಭೆ ಅಕ್ಕನಿಗೆ ತಲೆಬಾಗಿತು.

ಒಬ್ಬಳು ಮುಚ್ಚಿಕೊಂಡಿದ್ದಳು, ಒಬ್ಬಳು ತೊರೆದಿದ್ದಳು. ಎರಡೂ ಕಡೆ ಪರೀಕ್ಷೆಗೆ ಒಳಗಾದದ್ದು ಕಣ್ಣೇ. ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕಾಮದ ನೋಟವನ್ನು ಕುರಿತು ಕಠಿಣವಾಗಿ ಮಾತನಾಡುವಾಗಲೂ ಎಚ್ಚರಿಕೆ ಕೊಡುವುದು ನೋಡುವವನಿಗೆ. ಕಿತ್ತೆಸೆಯಬೇಕಾದದ್ದು ಅವನದೇ ಕಣ್ಣು. ನೋಡಿಸಿಕೊಂಡವಳಿಗೆ ಅಲ್ಲಿ ಒಂದು ಮಾತೂ ಇಲ್ಲ.

ಹಾಗಾದರೆ ಉಡುಪಿಗೆ ಔಚಿತ್ಯವೇ ಬೇಡವೇ ಎಂದು ಕೇಳುವಿರಿ. ಬೇಕು. ದೇವಾಲಯಕ್ಕೂ, ಮದುವೆಗೂ, ಸಾವಿನ ಮನೆಗೂ ಒಪ್ಪುವ ಬಟ್ಟೆಯಿದೆ. ಅದನ್ನು ನಮ್ಮ ಮಕ್ಕಳಿಗೆ ನಮ್ಮ ಮನೆಯಲ್ಲಿ ಪ್ರೀತಿಯಿಂದ ಹೇಳಿಕೊಡೋಣ. ಆದರೆ ಬಸ್ಸಿನಲ್ಲಿ ಕುಳಿತ ಪರವೂರಿನವಳಿಗೆ ನಮ್ಮನ್ನು ನ್ಯಾಯಾಧೀಶರನ್ನಾಗಿ ಯಾರೂ ನೇಮಿಸಿಲ್ಲ. ಆಕೆಯ ಬಟ್ಟೆ ನಮಗೆ ಒಪ್ಪದಿರಬಹುದು. ಅದರಿಂದ ದಿಟ್ಟಿಸುವ ಪರವಾನಗಿ ಮಾತ್ರ ಸಿಗುವುದಿಲ್ಲ.

ನೋಡಲೇಬಾರದೆಂದು ನಾನು ಹೇಳುತ್ತಿಲ್ಲ. ಎದುರಿಗೆ ಬಂದವರು ಕಣ್ಣಿಗೆ ಬೀಳುತ್ತಾರೆ, ಅದು ಪಾಪವಲ್ಲ. ಕಂಡ ಮೇಲೆ ಕಣ್ಣು ಮುಖದ ಮೇಲೆ ನಿಲ್ಲಲಿ, ಅಲ್ಲಿಂದ ತನ್ನ ದಾರಿ ಹಿಡಿಯಲಿ. ಮತ್ತೊಮ್ಮೆ ಕತ್ತು ತಿರುಗಿಸುವಾಗ ನಾವು ಆಯ್ಕೆ ಮಾಡಿರುತ್ತೇವೆ. ಪಕ್ಕದವರ ಮೊಣಕೈ ತಿವಿಯುವುದು, ಪಿಸುಗುಟ್ಟುವುದು, ಮೊಬೈಲಿನಲ್ಲಿ ಗುಟ್ಟಾಗಿ ಚಿತ್ರ ತೆಗೆಯುವುದು ಅದರ ಮುಂದಿನ ಮೆಟ್ಟಿಲುಗಳು. ಇನ್ನು ಎಲ್ಲರಿಗೂ ಕಾಣುವಂತೆ ಮುಖ ಸಿಂಡರಿಸಿ ಆಚೆ ತಿರುಗುವುದೂ ಇನ್ನೊಂದು ಬಗೆಯ ದಿಟ್ಟಿಸುವಿಕೆಯೇ. ಸೀಟು ಕೇಳಿದರೆ ಸರಿದು ಕೂರುವುದು, ದಾರಿ ಕೇಳಿದರೆ ದಾರಿ ಹೇಳುವುದು, ಬೇರೆಯವರಿಗೆ ಮಾಡುವುದನ್ನೇ ಇವರಿಗೂ ಮಾಡುವುದು, ಇಷ್ಟು ಸಾಕು. ಗಂಡುಮಕ್ಕಳು ಇದನ್ನು ಪುಸ್ತಕದಿಂದ ಕಲಿಯುವುದಿಲ್ಲ. ಬಸ್ಸಿನಲ್ಲಿ ಅಪ್ಪನ ಕಣ್ಣು ಎಲ್ಲಿ ನಿಂತಿದೆಯೆಂದು ನೋಡಿ ಕಲಿಯುತ್ತಾರೆ.

ಆ ಯುವತಿಯರು ನೋಡಹೊರಟಿದ್ದ ಶಾಸನವನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯವನ್ನು ಹೇಳಿರಿ, ಗುರುವನ್ನು ಗೌರವಿಸಿರಿ, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಿರಿ ಎಂಬುದು ಅದರ ಬೋಧೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನೆಲದ ಬಂಡೆಯ ಮೇಲೆ ಕೊರೆದ ನಡತೆಯ ಪಾಠವನ್ನು ಓದಲು ಅವರು ದೂರದಿಂದ ಬಂದಿದ್ದರು. ಅದೇ ನೆಲದವರಾದ ನಾವು ದಾರಿಯುದ್ದಕ್ಕೂ ಅವರನ್ನು ದಿಟ್ಟಿಸಿ ಕಳುಹಿಸಿದೆವು.

ಮೊಳಕಾಲ್ಮೂರಿನಲ್ಲಿ ಇಳಿಯುವಾಗ ಅವರು ಅಜ್ಜಿಯ ಗಂಟನ್ನು ಎತ್ತಿ ಕೆಳಗಿಟ್ಟರು. ಅಜ್ಜಿ ಅವರ ಮುಖವನ್ನು ನೋಡಿ, ‘ಹುಷಾರಾಗಿ ಹೋಗ್ಬನ್ರವ್ವ’ ಎಂದರು. ಒಂದು ಗಂಟೆಗೂ ಮಿಕ್ಕಿ ಅವರನ್ನೇ ನೋಡಿದ ನನಗೆ ಇಂದು ಅವರ ಮುಖ ನೆನಪಿಲ್ಲ.